ಸದ್ದಿಲ್ಲದ ತಟ್ಟೆ

ಒಂದೇ ವಾರದಲ್ಲಿ ಮನೆಗೆ ಎರಡು ಚೀಟಿ ಬಂದವು.
ನನ್ನದು ಕುರೆಸಾರೆಯ ಆಸ್ಪತ್ರೆಯದು:
ಮಾಂಸ ಬಿಡಿ, ಬೆಣ್ಣೆ ಬಿಡಿ, ಉಪ್ಪು ಚಿಟಿಕೆ,
ಬೆಳಿಗ್ಗೆ ಓಟ್ಸು, ಆದರೆ ರಾತ್ರಿಯೂ ಓಟ್ಸು.
ಪೊಂತುವಿನದು ದನದ ಡಾಕ್ಟರು ಪಿರೆತ್ ಬರೆದದ್ದು:
ಚೀಲದ ಕಾಳು ನಿಲ್ಲಿಸಿ. ಮಾಂಸ ಕೊಡಿ. ಹಸಿಯದೇ ಕೊಡಿ.

ಎರಡನ್ನೂ ಫ್ರಿಜ್ಜಿನ ಬಾಗಿಲಿಗೆ
ಒಂದೇ ಅಯಸ್ಕಾಂತದಡಿ ಸಿಕ್ಕಿಸಿದೆ.
ಯಾರಿಗೆ ಯಾವುದೆಂದು ನೋಡಲು
ಪ್ರತಿಸಲ ಕನ್ನಡಕ ಹುಡುಕಬೇಕು.

ಚಳಿಗಾಲವಿಡೀ ಕೆರೆದುಕೊಂಡಿದ್ದ.
ನಡುರಾತ್ರಿ ಅವನ ಹಿಂಗಾಲು ಹಲಗೆ ನೆಲಕ್ಕೆ ಬಡಿದು
ಟಕಟಕ ಟಕಟಕ.
ಮೂವತ್ತೊಂದು ವರ್ಷ ಮುಹು ಫೆರ್ರಿಯ ಎಂಜಿನ್ನಿನ ಹೊಟ್ಟೆಯೊಳಗೆ ದುಡಿದವನು ನಾನು,
ನಿದ್ದೆಗಣ್ಣಲ್ಲೇ ಎದ್ದು
ಸಡಿಲವಾದ ಬೋಲ್ಟು ಹುಡುಕಿದ್ದೂ ಉಂಟು.

ಹತ್ತು ದಿನ ತಗೊಳ್ಳಿ, ಅಂದಿದ್ದಳು ಪಿರೆತ್.
ಮೊದಲು ಮುಕ್ಕಾಲು ಹಳತು, ಕಾಲು ಹೊಸತು, ಆಮೇಲೆ ಅರ್ಧರ್ಧ.
ಬೇಯಿಸಿದ ಮೂಳೆ ಮಾತ್ರ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತೆ.
ಒಂಬತ್ತು ವರ್ಷದ ರೂಢಿ,
ಹೊಟ್ಟೆಗೂ ನೆನಪು ಇರುತ್ತೆ.

ನನಗೆ ಯಾರೂ ಹತ್ತು ದಿನ ಕೊಡಲಿಲ್ಲ.
ಆಸ್ಪತ್ರೆಯಿಂದ ಬಂದ ಸಂಜೆಯೇ
ತಂಗಿ ಹೆಲ್ಯು ಅಟ್ಟ ಹತ್ತಿ
ಜೂನಿಪರ್ ಹೊಗೆಯಲ್ಲಿ ಕಂದಿಸಿದ ಹಂದಿತೊಡೆ ಇಳಿಸಿ
ಕಾರಿನ ಡಿಕ್ಕಿಗೆ ಹಾಕಿಕೊಂಡಳು.
ನಿನ್ನ ಒಳ್ಳೇದಕ್ಕೇ, ಅಂದಳು.
ಅವಳ ಒಳ್ಳೇದಕ್ಕೂ ಇರಬಹುದು.

ಶನಿವಾರ ಕಟುಕ ಅರ್ವೊ ಕೇಳಿದ: ಮಾಮೂಲಿನದೇ?
ನಾಯಿಗೆ, ಅಂದೆ.
ನಾಚಿಕೆಯಾಯಿತು, ಸುಳ್ಳು ಹೇಳಿದವನ ಹಾಗೆ,
ನಿಜ ಹೇಳಿಯೂ.

ಅಡುಗೆಮನೆಯ ಹಲಗೆಯ ಮೇಲೆ ಎತ್ತಿನ ಗುಂಡಿಗೆ.
ಕುಯ್ದೆ.
ಕವಾಟ, ಕೊಳವೆ, ಬಿಳಿ ಹುರಿಯಂಥ ನರ.
ಸರ್ಜನ್ ಪೆನ್ಸಿಲಿನಲ್ಲಿ ಗೀಚಿ ತೋರಿಸಿದ್ದೆಲ್ಲ
ಇಲ್ಲಿ ಕೆಂಪಗೆ, ತಣ್ಣಗೆ, ಕೈಗೇ ಸಿಗುವಂತೆ.
ಒಳ್ಳೇ ಪಂಪು. ಎಲ್ಲೂ ಕಟ್ಟಿಲ್ಲ.
ಹುಲ್ಲು ತಿಂದವನದು.

ಪೊಂತು ಬಂದ, ಮೂಸಿದ, ಕೂತ,
ನನ್ನ ಮುಖ ನೋಡಿದ.
ಊಟವೆಂದರೆ ಅವನಿಗೆ
ತಗಡಿನ ತಟ್ಟೆಗೆ ಕಾಳು ಸುರಿಯುವ ಝಲ್ಲು.
ಇದು ಬಿದ್ದದ್ದು ಒದ್ದೆ ಕಾಲ್ಚೀಲದ ಹಾಗೆ.
ಕೋಳಿಕತ್ತು ಕೊಟ್ಟರೆ ಹಲ್ಲು ತಾಗಿಸದೆ ಎತ್ತಿಕೊಂಡು,
ಯಾರೋ ಬೀಳಿಸಿದ ಕೈಗವಸು ಮರಳಿಸುವವನಂತೆ
ನನ್ನ ಚಪ್ಪಲಿಯ ಮೇಲಿಟ್ಟು ಹೋದ.

ಮರುದಿನ ಬೆಳಿಗ್ಗೆ ನನ್ನ ಬಟ್ಟಲಿಗೆ
ಗಟ್ಟಿ ಓಟ್ಸಿನ ಕಾಳು ಸುರಿದೆ: ಝಲ್ಲು.
ಜಾರುತ್ತ, ಗೋಡೆಗೆ ಡಿಕ್ಕಿ ಹೊಡೆಯುತ್ತ ಓಡಿಬಂದ
ತೋಳದ ಮೊಮ್ಮಗ,
ನನ್ನ ಪಥ್ಯಕ್ಕೆ ಜೊಲ್ಲು ಸುರಿಸಿಕೊಂಡು.

ಆಗ ಹೊಳೆಯಿತು.
ಫೆರ್ರಿಯಿಂದ ತಂದ ಹಳೆ ವಾಷರುಗಳ ಡಬ್ಬಿ
ತಟ್ಟೆಯ ಪಕ್ಕ ಅಲ್ಲಾಡಿಸಿದೆ.
ಕಣ್ಣು ಅರ್ಧ ಮುಚ್ಚಿ ತಿಂದ,
ಮುಗಿಸಿ ತಟ್ಟೆಯನ್ನು ಬಾಗಿಲವರೆಗೆ ನೆಕ್ಕುತ್ತ ತಳ್ಳಿಕೊಂಡು ಹೋದ.

ದಿನಕ್ಕೆರಡು ವಾಷರು ತೆಗೆಯುತ್ತ ಬಂದೆ.
ಮುಕ್ಕಾಲು ಸದ್ದು, ಅರ್ಧ ಸದ್ದು,
ಕೊನೆಗೊಂದೇ, ಹಲ್ಲುದುರಿದವರ ನಗೆಯಂತೆ.
ಒಂದು ದಿನ ಡಬ್ಬಿ ಮುಟ್ಟುವ ಮೊದಲೇ
ತಟ್ಟೆ ಖಾಲಿ.

ಈಗ ಜೂನ್. ಕತ್ತಲೆ ಸರಿಯಾಗಿ ಆಗುವುದೇ ಇಲ್ಲ.
ಬೆನ್ನ ಮೇಲೆ ಹೊಸ ಕೂದಲು ಮೂಡಿದೆ.
ಟಕಟಕ ನಿಂತಿದೆ.
ನನಗೇ ನಿದ್ದೆ ಹತ್ತುವುದಿಲ್ಲ,
ಎಡಮಗ್ಗುಲಾಗಿ ಮಲಗಿ
ನನ್ನದೇ ಪಂಪಿಗೆ ಕಿವಿಗೊಡುತ್ತೇನೆ,
ಕಿವಿಗೊಟ್ಟಷ್ಟೂ ಅದು ತಪ್ಪುತ್ತದೆ.

ನಿನ್ನೆ ಸಂಜೆ ಕನ್ನಡಕ ಸಿಗಲಿಲ್ಲ.
ಒಂದೇ ತೆಳು ಹೋಳು, ಎರಡು ಬೆರಳಗಲ,
ಬಾಣಲೆಯಲ್ಲಿ ಸುಯ್ಯೆಂದಿತು.
ಹೊಸ್ತಿಲಲ್ಲಿ ಮಲಗಿದ್ದ ಪೊಂತು
ಒಂದು ಕಿವಿ ಎತ್ತಿದ.
ಈ ಸದ್ದು ಯಾರ ಊಟದ್ದೋ
ಅವನಿಗೂ ಗೊತ್ತಾಗಲಿಲ್ಲ.